ಹೊಸ ಗಿಟಾರ್‌ಗೆ ಯಾವ ಟ್ಯೂನಿಂಗ್ ಮಷೀನ್? ತೂತು ಕೊರೆಯುವ ಮುಂಚೆ ಓದಿ

ಪ್ರಶ್ನೆ: ಸರ್, ನಾನು ಬಿಡುವಿನಲ್ಲಿ ಗಿಟಾರ್ ಮಾಡುವವನು. ಈಗ ಎರಡನೆಯದು ನಡೀತಾ ಇದೆ. ಸ್ಟೀಲ್ ತಂತಿಯ ಅಕೂಸ್ಟಿಕ್, ಸಣ್ಣ ಬಾಡಿ, ಮಹಾಗನಿ ನೆಕ್. ಹೆಡ್‌ಸ್ಟಾಕ್ (ನೆಕ್ ತುದಿಯ ತಲೆಭಾಗ) ಆಕಾರಕ್ಕೆ ಕತ್ತರಿಸಿದ್ದೇನೆ, ತೂತು ಇನ್ನೂ ಕೊರೆದಿಲ್ಲ. ಮೊದಲನೆಯದಕ್ಕೆ ಕಡಿಮೆ ಬೆಲೆಯ ಟ್ಯೂನರ್ (ತಂತಿ ಸುತ್ತಿ ಬಿಗಿ ಮಾಡುವ ಮಷೀನ್) ಹಾಕಿದ್ದೆ. ಅದರಲ್ಲಿ ಶ್ರುತಿ ನಿಲ್ಲುವುದೇ ಇಲ್ಲ. ಮೂರನೇ ತಂತಿ ಬಿಗಿ ಮಾಡುವಾಗ 'ಟಿಣ್' ಅಂತ ಸದ್ದಾಗಿ ಶ್ರುತಿ ಒಮ್ಮೆಲೇ ಮೇಲೆ ಹಾರುತ್ತದೆ. ಈ ಸಲ ಒಳ್ಳೆಯದನ್ನೇ ಹಾಕಬೇಕು ಅಂತಿದ್ದೇನೆ. 18:1 ಸಾಕಾ, 21:1 ತಗೊಳ್ಳಲಾ? ಓಪನ್ ಗೇರ್ ಚೆನ್ನಾಗಿರುತ್ತಾ, ಸೀಲ್ಡ್ ಚೆನ್ನಾಗಿರುತ್ತಾ? ಲಾಕಿಂಗ್ ಬೇಕಾ?

ಉತ್ತರ: ತೂತು ಇನ್ನೂ ಕೊರೆದಿಲ್ಲ ಅಂದಿರಲ್ಲ, ಅದೇ ಒಳ್ಳೆಯ ಸುದ್ದಿ. ಟ್ಯೂನರ್ ಕೈಗೆ ಬರುವ ತನಕ ಡ್ರಿಲ್ ಮುಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆ 'ಟಿಣ್' ವಿಷಯ ಮುಗಿಸೋಣ. ಆ ಸದ್ದು ಟ್ಯೂನರ್‌ದಲ್ಲ, ನಟ್‌ನದು. ನಟ್ ಅಂದರೆ ಸ್ಕ್ರೂಗೆ ಹಾಕುವ ನಟ್ ಅಲ್ಲ, ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿ. ಅದರ ಗಾಡಿ, ಅಂದರೆ ತಂತಿ ಕೂರಲು ಕೊರೆದ ಸಣ್ಣ ಕಚ್ಚು, ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಕಚ್ಚಿಕೊಳ್ಳುತ್ತದೆ. ನೀವು ಟ್ಯೂನರ್‌ನ ಬಟನ್ (ಬೆರಳಲ್ಲಿ ತಿರುಗಿಸುವ ಗುಂಡಿ) ತಿರುಗಿಸುತ್ತೀರಿ, ನಟ್‌ನಿಂದ ಟ್ಯೂನರ್ ಕಡೆಗಿನ ತುಂಡು ಮಾತ್ರ ಬಿಗಿಯಾಗುತ್ತದೆ. ಈ ಕಡೆ ಮೀಟುವ ತಂತಿಗೆ ಏನೂ ಗೊತ್ತಾಗುವುದಿಲ್ಲ. ಎಳೆತ ಒಂದು ಮಟ್ಟ ದಾಟಿದಾಗ ತಂತಿ ಜಾರಿ 'ಟಿಣ್' ಅನ್ನುತ್ತದೆ, ಶ್ರುತಿ ಹಾರುತ್ತದೆ. ಮೂರನೇ ತಂತಿಯಲ್ಲಿ ಇದು ಜಾಸ್ತಿ. 12–53 ಸೆಟ್‌ನಲ್ಲಿ (ತೆಳು ತಂತಿ 0.012 ಇಂಚು, ದಪ್ಪದ್ದು 0.053 ಇಂಚು) ಅದು ಮೇಲೆ ಇನ್ನೊಂದು ತಂತಿಯ ಸುತ್ತು ಹಾಕಿದ ತಂತಿ, ಮೈಯೆಲ್ಲ ಗರಗಸದ ಹಾಗೆ. ಮೂರು-ಮೂರು ಟ್ಯೂನರ್ ಇರುವ ಹೆಡ್‌ಸ್ಟಾಕ್‌ನಲ್ಲಿ ಮಧ್ಯದ ತಂತಿಗಳು ನಟ್ ದಾಟಿದ ಮೇಲೆ ಪಕ್ಕಕ್ಕೆ ತಿರುಗುತ್ತವೆ ಬೇರೆ.

ಪರೀಕ್ಷೆ ಮಾಡಿ ನೋಡಿ. ತಂತಿ ಸಡಿಲ ಮಾಡಿ, ಗಾಡಿಯಿಂದ ಎತ್ತಿ, ಮೆತ್ತನೆಯ ಪೆನ್ಸಿಲ್ ಮೊನೆಯನ್ನು ಗಾಡಿಯೊಳಗೆ ಚೆನ್ನಾಗಿ ಉಜ್ಜಿ, ಮತ್ತೆ ಕೂರಿಸಿ ಶ್ರುತಿ ಮಾಡಿ. ಸದ್ದು ನಿಂತರೆ ಅಥವಾ ಕಡಿಮೆಯಾದರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಲೆಕ್ಕ. ಆಮೇಲೆ ಆ ತಂತಿಯ ದಪ್ಪಕ್ಕೆ ಸರಿಯಾದ ಫೈಲ್‌ನಲ್ಲಿ ಗಾಡಿಯನ್ನು ಒಂದು ಕೂದಲಷ್ಟು ಅಗಲ ಮಾಡಿ, ತಳ ಟ್ಯೂನರ್ ಕಡೆಗೆ ಇಳಿಜಾರಾಗಿರಲಿ. 'ಟ್ಯೂನರ್ ಬದಲಿಸಿ ಕೊಡಿ' ಅಂತ ನನ್ನ ಹತ್ತಿರ ಬರುವ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ ನಾನು ಟ್ಯೂನರ್ ಮುಟ್ಟುವುದೇ ಇಲ್ಲ. ನಟ್ ಸರಿ ಮಾಡಿ ವಾಪಸ್ ಕೊಡುತ್ತೇನೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ವರ್ಮ್ ಗೇರ್ ಇರುವ ಟ್ಯೂನರ್ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಬಟನ್‌ನ ಶಾಫ್ಟ್ ಮೇಲೆ ಸುರುಳಿ ಹಲ್ಲು, ಅದಕ್ಕೆ ಕಚ್ಚಿಕೊಂಡು ಪೋಸ್ಟ್‌ನ (ತಂತಿ ಸುತ್ತಿಕೊಳ್ಳುವ ಕಂಬದ) ಬುಡದಲ್ಲಿ ಹಲ್ಲಿನ ಚಕ್ರ. ಸುರುಳಿ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಸುರುಳಿಯನ್ನು ತಿರುಗಿಸಲಾರದು. ಪಿಟೀಲಿನ ಬಿರಡೆ ನಿಲ್ಲುವುದು ಬರೀ ಮರದ ಉಜ್ಜಾಟದಿಂದ, ಹಾಗಾಗಿ ಅದು ಜಾರಬಹುದು. ಗಿಟಾರ್‌ನಲ್ಲಿ ಆ ತಾಪತ್ರಯ ಇಲ್ಲ. 19ನೇ ಶತಮಾನದ ಮೊದಲ ಭಾಗದಲ್ಲೇ ವಿಯೆನ್ನಾದ ಯೋಹಾನ್ ಸ್ಟಾಫರ್ ತನ್ನ ಗಿಟಾರ್‌ಗಳಿಗೆ ಈ ವ್ಯವಸ್ಥೆ ಹಾಕುತ್ತಿದ್ದ. ಇವತ್ತಿಗೂ ಮೂಲ ತತ್ವ ಅದೇ. ಹಾಗಾಗಿ ಅಗ್ಗದ ಟ್ಯೂನರ್ ಕೂಡ ಹಲ್ಲು ಮುರಿಯದ ಹೊರತು ಶ್ರುತಿಯನ್ನು ಬಿಟ್ಟುಕೊಡುವುದು ಅಪರೂಪ. ಅದು ಕೆಟ್ಟದ್ದು ಅನ್ನಿಸುವುದು ಬೇರೆ ಕಾರಣಕ್ಕೆ: ನಿಮಗೆ ಬೇಕಾದ ಜಾಗಕ್ಕೆ ತಂದು ನಿಲ್ಲಿಸಲು ಅದು ಬಿಡುವುದಿಲ್ಲ.

ಈಗ ಅನುಪಾತಕ್ಕೆ ಬರೋಣ. 18:1 ಅಂದರೆ ಬಟನ್ ಹದಿನೆಂಟು ಸುತ್ತು ತಿರುಗಿದರೆ ಪೋಸ್ಟ್ ಒಂದು ಸುತ್ತು. ಮಾರುಕಟ್ಟೆಯಲ್ಲಿ ಹೆಚ್ಚಾಗಿ 14:1ರಿಂದ 21:1ರ ತನಕ ಸಿಗುತ್ತವೆ. ಗ್ರೋವರ್‌ನ ರೋಟೋಮ್ಯಾಟಿಕ್ 14:1ರಲ್ಲೂ 18:1ರಲ್ಲೂ ಇದೆ, ವೇವರ್ಲಿ 16:1, ಗೋಟೋನ 510 ಸಾಲಿನಲ್ಲಿ 18:1 ಮತ್ತು 21:1 ಎರಡೂ ಇವೆ. ಗ್ರಾಫ್ ಟೆಕ್‌ನವರ ರೇಶಿಯೋ ಸೆಟ್‌ನಲ್ಲಂತೂ ಒಂದೊಂದು ತಂತಿಗೆ ಒಂದೊಂದು ಅನುಪಾತ. ಡಬ್ಬಿ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಈ ಸಂಖ್ಯೆಯೇ, ಹಾಗಾಗಿ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಇದರಿಂದ ಕೈಗೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡೋಣ.

12–53 ಸೆಟ್‌ನ ಎರಡನೇ ತಂತಿ ತಗೊಳ್ಳಿ. 0.016 ಇಂಚು ದಪ್ಪದ ಬರೀ ಸ್ಟೀಲ್ ತಂತಿ, ಸುಮಾರು ಹತ್ತೂವರೆ ಕೆ.ಜಿ. ಎಳೆತ. ಇದನ್ನು ಒಂದು ಸೆಮಿಟೋನ್ (ಗಿಟಾರ್‌ನಲ್ಲಿ ಒಂದು ಫ್ರೆಟ್‌ನಷ್ಟು) ಮೇಲಕ್ಕೆ ಒಯ್ಯಲು ಎಷ್ಟು ಎಳೆಯಬೇಕು ಗೊತ್ತಾ? ಸುಮಾರು 0.4 ಮಿ.ಮೀ. ಅಷ್ಟೇ. ಕಾಲಿಂಚಿನ ಪೋಸ್ಟ್‌ನ ಸುತ್ತಳತೆ 20 ಮಿ.ಮೀ. ಹತ್ತಿರ. 18:1 ಆದರೆ ಬಟನ್‌ನ ಒಂದು ಸುತ್ತಿಗೆ 1.1 ಮಿ.ಮೀ. ತಂತಿ ಸುತ್ತಿಕೊಳ್ಳುತ್ತದೆ, 14:1 ಆದರೆ 1.4 ಮಿ.ಮೀ. ಅಂದರೆ ಒಂದು ಸೆಮಿಟೋನ್ ಅನ್ನುವುದು ಬಟನ್‌ನಲ್ಲಿ ಅರ್ಧ ಸುತ್ತೂ ಅಲ್ಲ. ಶ್ರುತಿ ಮಾಡುವಾಗ ಕೊನೆಯಲ್ಲಿ ನಾವು ಹುಡುಕುವುದು ಐದು ಸೆಂಟ್‌ಗೂ ಕಡಿಮೆ, ಅಂದರೆ ಸೆಮಿಟೋನಿನ ಇಪ್ಪತ್ತನೇ ಒಂದು ಭಾಗ. ಆ ಐದು ಸೆಂಟ್‌ಗೆ ಬಟನ್ ತಿರುಗಬೇಕಾದ್ದು 14:1ರಲ್ಲಿ ಸುಮಾರು 5 ಡಿಗ್ರಿ, 18:1ರಲ್ಲಿ ಆರೂವರೆ, 21:1ರಲ್ಲಿ ಏಳೂವರೆ. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಆರು ಡಿಗ್ರಿ ಸರಿಯುತ್ತದಲ್ಲ, ಅಷ್ಟು!

ಅಂದರೆ 14ಕ್ಕೂ 21ಕ್ಕೂ ನಡುವಿನ ವ್ಯತ್ಯಾಸ ಬರೀ ಎರಡೂವರೆ ಡಿಗ್ರಿ. ಇಲ್ಲವೇ ಇಲ್ಲ ಅನ್ನಲ್ಲ, ಬೆರಳಿಗೆ ಗೊತ್ತಾಗುತ್ತದೆ. ಆದರೆ ಟ್ಯೂನರ್‌ನಲ್ಲಿ ಪ್ಲೇ (ಹಲ್ಲುಗಳ ನಡುವೆ ಸಡಿಲ) ಇದ್ದು, ಬಟನ್ ಹತ್ತು ಡಿಗ್ರಿ ತಿರುಗಿದ ಮೇಲೆಯೇ ಪೋಸ್ಟ್ ಅಲುಗುವುದಾದರೆ, ನೀವು ದುಡ್ಡು ಕೊಟ್ಟು ತಂದ 21:1 ಎಲ್ಲಿ ಹೋಯಿತು? ಬಿಗಿಯಾಗಿ ಕೂತ, ನುಣುಪಾಗಿ ತಿರುಗುವ 16:1 ಟ್ಯೂನರ್ ಮುಂದೆ ಗಡಗಡ ಅನ್ನುವ 21:1 ಯಾವ ಲೆಕ್ಕಕ್ಕೂ ಇಲ್ಲ. ನನ್ನನ್ನು ಕೇಳಿದರೆ 15:1 ದಾಟಿದ ಮೇಲೆ ಅನುಪಾತದ ತಲೆಬಿಸಿ ಬಿಡಿ. ಆರನೇ ತಂತಿಯನ್ನು E ಸ್ವರದಿಂದ Dಗೆ ಇಳಿಸಿ ನುಡಿಸುವ ಅಭ್ಯಾಸ ಇದ್ದರೂ ಅದಕ್ಕೆ 18:1ರಲ್ಲಿ ಅರ್ಧ ಸುತ್ತಿನ ಆಸುಪಾಸು ಸಾಕು. 21:1ರಲ್ಲಿ ಕಾಣುವ ತೊಂದರೆ ಒಂದೇ, ಹೊಸ ತಂತಿ ಹಾಕುವಾಗ ತಿರುಗಿಸಿ ತಿರುಗಿಸಿ ಕೈ ಸೋಲುತ್ತದೆ.

ಹಾಗಾದರೆ ಒಳ್ಳೆಯದು ಕೆಟ್ಟದ್ದು ಅಂತ ಗೊತ್ತು ಮಾಡುವುದು ಹೇಗೆ? ಕೈಯಿಂದಲೇ. ಡಬ್ಬಿ ತೆಗೆದು ಒಂದೊಂದನ್ನೇ ಹಿಡಿದು ನೋಡಿ. ಪೋಸ್ಟನ್ನು ಎರಡು ಬೆರಳಲ್ಲಿ ಗಟ್ಟಿ ಹಿಡಿದು ಬಟನ್ ಅನ್ನು ಆಚೆ ಈಚೆ ಅಲುಗಿಸಿ. ಎಷ್ಟು ದೂರ ಸುಮ್ನೆ ತಿರುಗುತ್ತದೆ? ಆಮೇಲೆ ಬಟನ್ ಹಿಡಿದು ಹೊರಕ್ಕೆ ಎಳೆಯಿರಿ, ಒಳಕ್ಕೆ ತಳ್ಳಿ. ಟಕ್ ಟಕ್ ಅಂದರೆ ಶಾಫ್ಟ್ ಉದ್ದಕ್ಕೆ ಸಡಿಲ ಇದೆ ಅಂತ. ಮೂರನೆಯದು, ಪೋಸ್ಟ್‌ನ ತುದಿ ಹಿಡಿದು ಓಲಾಡಿಸಿ. ಅಲ್ಲಿ ತುಸು ಇದ್ದರೆ ಪರವಾಗಿಲ್ಲ, ಹೆಡ್‌ಸ್ಟಾಕ್‌ನಲ್ಲಿ ಬುಷ್ (ತೂತಿಗೆ ಕೂರಿಸುವ ಲೋಹದ ಬಳೆ) ಹಾಕಿದ ಮೇಲೆ ಅದು ಪೋಸ್ಟಿಗೆ ಆಸರೆ ಕೊಡುತ್ತದೆ. ತಂತಿ ಬಿಗಿದ ಮೇಲೆ ಎಳೆತ ಒಂದೇ ಕಡೆಗೆ ಇರುವುದರಿಂದ ಹಲ್ಲಿನ ನಡುವಿನ ಸಡಿಲವೂ ಬಹುಪಾಲು ಮುಚ್ಚಿಹೋಗುತ್ತದೆ. ಆದರೂ ಬರಿಗೈಯಲ್ಲೇ ಗಡಗಡ ಅನ್ನುವ ಟ್ಯೂನರ್ ಹಲ್ಲುಗಳನ್ನು ಶ್ರದ್ಧೆಯಿಂದ ಕೊರೆದಿರುತ್ತಾರೆ ಅಂತ ನಾನು ನಂಬುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಕಣ್ಣು ಮುಚ್ಚಿ, ಪೋಸ್ಟ್ ಪೂರಾ ಒಂದು ಸುತ್ತು ಬರುವ ತನಕ ಬಟನ್ ನಿಧಾನವಾಗಿ ತಿರುಗಿಸಿ. ಬಿಗಿ ಎಲ್ಲಿ, ಸಡಿಲ ಎಲ್ಲಿ ಅಂತ ಬೆರಳಿಗೆ ಬಿಡಿ. ಬಟನ್‌ನ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾದರೆ ಸುರುಳಿಯ ಶಾಫ್ಟ್ ಸೊಟ್ಟ ಇದೆ. ಹದಿನೆಂಟು ಸುತ್ತಿಗೆ ಒಂದು ಸಲ ಮೆಲ್ಲಗೆ ಬಿಗಿಯಾಗಿ, ಮೆಲ್ಲಗೆ ಸಡಿಲವಾದರೆ ಚಕ್ರದ ತೂತು ಸರಿಯಾಗಿ ನಡುವಿನಲ್ಲಿಲ್ಲ. ಎರಡನೆಯ ದೋಷ ತಂತಿ ಹಾಕಿದ ಮೇಲೂ ಕಾಡುತ್ತದೆ. ಅದೇ ಟ್ಯೂನರ್ ಒಂದು ದಿನ ಚೆನ್ನಾಗಿರುತ್ತದೆ, ತಂತಿ ಬದಲಿಸಿದ ಮೇಲೆ ಕೆಟ್ಟದಾಗುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸೆಟ್‌ನ ಆರೂ ಟ್ಯೂನರ್ ಬಿಗಿಯಲ್ಲಿ ಒಂದೇ ತರ ಇರಬೇಕು. ಐದು ಬೆಣ್ಣೆ, ಒಂದು ಮರಳು ಅಂತಿದ್ದರೆ ಆ ಸೆಟ್ ವಾಪಸ್ ಕೊಡಿ.

ಸೀಲ್ಡ್ ಟ್ಯೂನರ್‌ನಲ್ಲಿ ಬಟನ್ ತುದಿಯ ಸ್ಕ್ರೂ ತಿರುಗಿಸಿ ಬಿಗಿ ಹೊಂದಿಸಬಹುದು. ಅದನ್ನು ತಿರುಪಿ ಪ್ಲೇ ಮುಚ್ಚಿಬಿಡೋಣ ಅಂತ ಆಸೆಯಾಗುತ್ತದೆ. ಸ್ವಲ್ಪ ಸರಿ. ಜಾಸ್ತಿ ಬಿಗಿದರೆ ತಿರುಗಿಸುವುದು ಭಾರವಾಗುತ್ತದೆ, ಬುಡದ ವಾಷರ್ ಬೇಗ ಸವೆಯುತ್ತದೆ, ಬಟನ್ ಮರದ್ದಾದರೆ ಸೀಳುವುದೂ ಉಂಟು.

ನಿಮ್ಮ ಎರಡನೇ ಪ್ರಶ್ನೆ, ಓಪನ್ನೋ ಸೀಲ್ಡೋ. ಒಂದು ಇನ್ನೊಂದಕ್ಕಿಂತ ಮೇಲು ಅಂತ ಹೇಳಲು ನನಗೆ ಕಾರಣ ಸಿಕ್ಕಿಲ್ಲ. ಸೀಲ್ಡ್‌ನಲ್ಲಿ ಗೇರ್ ಒಂದು ಎರಕದ ಡಬ್ಬಿಯೊಳಗೆ ಗ್ರೀಸ್ ಜೊತೆ ಕೂತಿರುತ್ತದೆ. ಧೂಳು ಹೋಗಲ್ಲ, ಎಣ್ಣೆ ಬಿಡುವ ಕೆಲಸ ಇಲ್ಲ. ಒಳಗಿನ ಗೇರ್ ಹೇಗಿದೆ ಅಂತ ನೋಡಲೂ ಆಗಲ್ಲ, ಅಗ್ಗದ ಮಾಲು ಅಡಗಿ ಕೂರುವುದು ಅಲ್ಲೇ. ಓಪನ್‌ನಲ್ಲಿ ಎಲ್ಲ ಕಣ್ಣ ಮುಂದೆ. ಸ್ಟೀಲ್ ಸುರುಳಿ, ಹಿತ್ತಾಳೆ ಅಥವಾ ಕಂಚಿನ ಚಕ್ರ, ಹಲ್ಲಿನ ಅಂಚು ಚೂಪಾಗಿದೆಯಾ ಹರಕಲಾಗಿದೆಯಾ ಅಂತ ಒಂದು ಲೆನ್ಸ್ ಹಿಡಿದರೆ ಗೊತ್ತು. ವರ್ಷಕ್ಕೊಂದು ಸಲ ಬ್ರಶ್‌ನಲ್ಲಿ ಧೂಳು ತೆಗೆದು ಸೂಜಿ ಮೊನೆಯಷ್ಟು ಎಣ್ಣೆ ಬಿಟ್ಟರೆ ಆಯಿತು. ಚಕ್ರ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗುತ್ತದೆ, ಅದನ್ನೂ ಆಗಲೇ ನೋಡಿಕೊಳ್ಳಿ.

ನಿಮ್ಮ ಗಿಟಾರ್‌ಗೆ ಇಲ್ಲಿ ತೀರ್ಮಾನ ಮಾಡಬೇಕಾದ್ದು ತೂಕ. ಸಣ್ಣ ಬಾಡಿ ಅಂದಿರಿ. ಸಣ್ಣ ಬಾಡಿ ಹಗುರ, ನೆಕ್ ಉದ್ದ ಹೆಚ್ಚುಕಡಿಮೆ ಅಷ್ಟೇ. ಟ್ಯೂನರ್ ಕೂರುವುದು ಆ ಉದ್ದದ ಕೊಟ್ಟ ಕೊನೆಯಲ್ಲಿ. ಕೋಲಿನ ತುದಿಗೆ ಕಲ್ಲು ಕಟ್ಟಿದ ಹಾಗೆ. ಲೋಹದ ಬಟನ್ ಇರುವ ದಪ್ಪ ಸೀಲ್ಡ್ ಟ್ಯೂನರ್ ಒಂದೊಂದು 40 ಗ್ರಾಂ ದಾಟಬಹುದು. ಓಪನ್ ಗೇರ್‌ದು 30 ಗ್ರಾಂ ಆಸುಪಾಸು, ಬಟನ್ ಮರದ್ದೋ ಪ್ಲಾಸ್ಟಿಕ್ಕಿನದೋ ಆದರೆ ಇನ್ನೂ ಕಡಿಮೆ. ಆರಕ್ಕೆ ಲೆಕ್ಕ ಹಾಕಿದರೆ ಎಪ್ಪತ್ತು ಎಂಬತ್ತು ಗ್ರಾಂ ವ್ಯತ್ಯಾಸ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಸ್ಟ್ರಾಪ್ ಹಾಕಿ ನಿಂತಾಗ ನೆಕ್ ಕೆಳಕ್ಕೆ ವಾಲುತ್ತದೆ, ಎಡಗೈ ನುಡಿಸುವುದು ಬಿಟ್ಟು ನೆಕ್ ಎತ್ತಿ ಹಿಡಿಯುವ ಕೆಲಸಕ್ಕೆ ಇಳಿಯುತ್ತದೆ. ನಾನು ಮಾಡಿದ ಒಂದು ಪುಟ್ಟ ಗಿಟಾರ್ ಹೀಗೇ ತಲೆ ಬಾಗಿಸುತ್ತಿತ್ತು. ಟ್ಯೂನರ್ ಅದೇ ಇಟ್ಟುಕೊಂಡು ಲೋಹದ ಬಟನ್ ತೆಗೆದು ಎಬೊನಿ ಬಟನ್ ಹಾಕಿದೆ. ಆರು ಬಟನ್‌ಗೇ ನಲವತ್ತು ಗ್ರಾಂ ಹತ್ತಿರ ಇಳಿಯಿತು. ತೊಡೆ ಮೇಲೆ ಇಟ್ಟಾಗಲೇ ಗೊತ್ತಾಯಿತು, ಗಿಟಾರ್ ಎದ್ದು ಕೂತಿತ್ತು.

ಭಾರದ ಹೆಡ್‌ಸ್ಟಾಕ್ ಇದ್ದರೆ ನಾದ ಜಾಸ್ತಿ ಹೊತ್ತು ನಿಲ್ಲುತ್ತದೆ ಅನ್ನುವವರಿದ್ದಾರೆ, ಹಗುರ ಇದ್ದರೆ ನಾದ ತೆರೆದುಕೊಳ್ಳುತ್ತದೆ ಅನ್ನುವವರೂ ಇದ್ದಾರೆ. ಕೇಳಿ ಸುಮ್ಮನಾಗಿ. ಬ್ಯಾಲೆನ್ಸ್ ಮಾತ್ರ ಎರಡು ಸೆಕೆಂಡಿನಲ್ಲಿ ಯಾರ ಕೈಗಾದರೂ ಗೊತ್ತಾಗುತ್ತದೆ. ಹೆಡ್‌ಸ್ಟಾಕ್ ಮೇಲೆ ಅಷ್ಟೇ ತೂಕದ ನಾಣ್ಯಗಳನ್ನು ಟೇಪ್‌ನಿಂದ ಅಂಟಿಸಿ, ಬಾಡಿ ಜೋಡಿಸಿದ ಮೇಲೆ ತೊಡೆ ಮೇಲಿಟ್ಟು ನೋಡಿ. ಟ್ಯೂನರ್ ಕೊಳ್ಳುವ ಮುಂಚೆಯೇ ಉತ್ತರ ಸಿಗುತ್ತದೆ.

ಲಾಕಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದು ತಂತಿಯನ್ನು ಪೋಸ್ಟ್‌ನಲ್ಲಿ ಕಚ್ಚಿ ಹಿಡಿಯುತ್ತದೆ, ಸುತ್ತುಗಳು ಬೇಕಾಗುವುದಿಲ್ಲ. ಟ್ರೆಮೊಲೊ (ತಂತಿಗಳ ಎಳೆತ ಏರಿಳಿಸುವ ಹಿಡಿಕೆ) ಇರುವ ಎಲೆಕ್ಟ್ರಿಕ್ ಗಿಟಾರ್‌ಗೆ ನಿಜಕ್ಕೂ ಉಪಯೋಗ. ಅಕೂಸ್ಟಿಕ್‌ಗೆ ಸಿಗುವ ಲಾಭ ಅಂದರೆ ತಂತಿ ಬೇಗ ಬದಲಿಸಬಹುದು, ಅಷ್ಟೇ. ಅದಕ್ಕೆ ಬದಲಾಗಿ ಟ್ಯೂನರ್‌ನ ತೂಕ ಹೆಚ್ಚುತ್ತದೆ. ನಿಮಗೆ ಬೇಡ.

ಈಗ ತೂತಿನ ವಿಷಯ. ಟ್ಯೂನರ್ ಕೈಗೆ ಬರುವ ತನಕ ಡ್ರಿಲ್ ಮುಟ್ಟಬೇಡಿ ಅಂದಿದ್ದು ಇದಕ್ಕೆ. ರೋಟೋಮ್ಯಾಟಿಕ್ ತರಹದವುಗಳಿಗೆ ಮೇಲಿನಿಂದ ತಿರುಪುವ ಬುಷ್ ಇರುತ್ತದೆ, ತೂತು 10 ಮಿ.ಮೀ. ಆಸುಪಾಸು. ಹಳೇ ಕ್ಲೂಸನ್ ಶೈಲಿಯ ಟ್ಯೂನರ್‌ಗೆ ಒತ್ತಿ ಕೂರಿಸುವ ಬುಷ್, ತೂತು 8.7 ಮಿ.ಮೀ. ಹತ್ತಿರ. ಓಪನ್ ಗೇರ್‌ನಲ್ಲಿ ಎರಡೂ ಬಗೆ ಇವೆ. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಎರಡು ಅಳತೆ ಇರಬಹುದು. 'ಎಲ್ಲದಕ್ಕೂ ಹತ್ತೇ' ಅಂತ ನಾನು ಒಮ್ಮೆ ಉತ್ಸಾಹದಲ್ಲಿ ಆರು ತೂತು ಕೊರೆದಿಟ್ಟೆ. ಗಿಟಾರ್ ಮಾಡಿಸಿದವರು ಆಮೇಲೆ ಹಳೇ ಶೈಲಿಯ ಓಪನ್ ಗೇರೇ ಬೇಕು ಅಂದರು. ದೊಡ್ಡ ತೂತಿಗೆ ಹೊಂದುವ ಕನ್ವರ್ಷನ್ ಬುಷ್ ಹಾಕಿ ಮಾನ ಉಳಿಸಿಕೊಂಡೆ. ಆ ಬುಷ್‌ಗಳ ಅಗಲ ಅಂಚು ನೋಡಿದಾಗಲೆಲ್ಲ ಈಗಲೂ ಕಣ್ಣಿಗೆ ಚುಚ್ಚುತ್ತದೆ.

ಹಾಗಾಗಿ ವರ್ನಿಯರ್ ಕ್ಯಾಲಿಪರ್ ಹಿಡಿದು ನಿಜವಾದ ಬುಷ್ ಅನ್ನೇ ಅಳೆಯಿರಿ. ಆಮೇಲೆ ಅದೇ ಮಹಾಗನಿಯ ತುಂಡಿನಲ್ಲಿ ಕೊರೆದು ಕೂರಿಸಿ ನೋಡಿ. ಒತ್ತುವ ಬುಷ್ ಹೆಬ್ಬೆರಳಿನಲ್ಲಿ ಅರ್ಧ ಇಳಿದು ನಿಲ್ಲಬೇಕು, ಉಳಿದರ್ಧ ವೈಸ್‌ನಲ್ಲೋ ಡ್ರಿಲ್ ಪ್ರೆಸ್‌ನಲ್ಲೋ ಒತ್ತಿದರೆ ಹೋಗಬೇಕು. ಸುತ್ತಿಗೆ ಬೇಡವೇ ಬೇಡ. ಲ್ಯಾಕರ್ ಹೊಡೆದ ಮೇಲೆ ತೂತಿನ ಗೋಡೆಗೂ ಒಂದು ಪದರ ಅಂಟಿ ತೂತು ಕಿರಿದಾಗುತ್ತದೆ. ಆಗ ಬುಷ್ ಒತ್ತಿದರೆ ಸುತ್ತಲಿನ ಲ್ಯಾಕರ್ ಉಂಗುರದ ಹಾಗೆ ಎದ್ದು ಬರುತ್ತದೆ. ತೂತಿನ ಬಾಯಿಯನ್ನು ಲ್ಯಾಕರ್‌ಗೂ ಮುಂಚೆ ಕೌಂಟರ್‌ಸಿಂಕ್‌ನಲ್ಲಿ ಒಂಚೂರು ಇಳಿಜಾರು ಮಾಡಿ. ಲ್ಯಾಕರ್ ಆರಿದ ಮೇಲೆ ಒಳಗಿನ ಪದರವನ್ನು ರೀಮರ್‌ನಲ್ಲಿ ಕೈಯಿಂದಲೇ ತೆಗೆಯಿರಿ.

ದಪ್ಪವನ್ನೂ ಅಳೆಯಿರಿ, ಮೇಲಿನ ವೆನೀರ್ ಸೇರಿಸಿ. ಅಕೂಸ್ಟಿಕ್ ಹೆಡ್‌ಸ್ಟಾಕ್ ಸಾಮಾನ್ಯವಾಗಿ 14–16 ಮಿ.ಮೀ. ಇರುತ್ತದೆ. ತೀರಾ ದಪ್ಪ ಆದರೆ ತಿರುಪುವ ಬುಷ್ ಎರಡೇ ಸುತ್ತು ಹಿಡಿದು ನಿಲ್ಲುತ್ತದೆ. ತೀರಾ ತೆಳು ಆದರೆ ಪೋಸ್ಟ್ ಕೊಕ್ಕರೆ ಕಾಲಿನ ಹಾಗೆ ಎದ್ದು ನಿಂತು, ತಂತಿ ನಟ್ ಮೇಲೆ ಒತ್ತುವ ಕೋನ ಕಡಿಮೆಯಾಗುತ್ತದೆ.

ತೂತಿನ ಜಾಗ ಗುರುತು ಮಾಡುವಾಗ ಬಹಳ ಜನ ಮಾಡುವ ಒಂದು ತಪ್ಪು ಹೇಳುತ್ತೇನೆ. ನಟ್‌ನಿಂದ ತಂತಿ ನೇರ ಹೋಗಲಿ ಅಂತ ಕಾಗದದ ಮೇಲೆ ಗೆರೆ ಎಳೆದು, ಗೆರೆಯ ಮೇಲೆಯೇ ತೂತಿನ ನಡು ಗುರುತು ಮಾಡುತ್ತಾರೆ. ತಂತಿ ಪೋಸ್ಟ್‌ನ ನಡುವಿನಿಂದ ಹೊರಡುವುದಿಲ್ಲ, ಒಳಬದಿಯ ಮೈಯಿಂದ ಹೊರಡುತ್ತದೆ. ಪೋಸ್ಟ್ ಸುಮಾರು 6 ಮಿ.ಮೀ. ದಪ್ಪ, ಹಾಗಾಗಿ ತೂತಿನ ನಡು ಗೆರೆಯಿಂದ 3 ಮಿ.ಮೀ. ಹೊರಗೆ ಇರಬೇಕು. ನಿಮ್ಮ ಹೆಡ್‌ಸ್ಟಾಕ್ ಆಕಾರ ಈಗಾಗಲೇ ಕತ್ತರಿಸಿದ್ದೀರಿ, ಎಲ್ಲ ತಂತಿಯೂ ನೇರ ಬರಲಿಕ್ಕಿಲ್ಲ. ಆದರೂ ಈ 3 ಮಿ.ಮೀ. ಲೆಕ್ಕಕ್ಕೆ ತಗೊಂಡರೆ ಮೂರನೇ, ನಾಲ್ಕನೇ ತಂತಿ ನಟ್‌ನಲ್ಲಿ ಪಕ್ಕಕ್ಕೆ ಒತ್ತುವುದು ಎಷ್ಟೋ ಕಡಿಮೆಯಾಗುತ್ತದೆ. ನಿಮ್ಮ 'ಟಿಣ್' ನೆನಪಿದೆಯಲ್ಲ?

ಟ್ಯೂನರ್‌ನ ತಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ, ಆರು ತುಂಡನ್ನು ಹೆಡ್‌ಸ್ಟಾಕ್ ಹಿಂದೆ ಅಂಟಿಸಿ. ಡಬ್ಬಿಗೆ ಡಬ್ಬಿ ತಾಕುತ್ತದಾ? ಶಾಫ್ಟ್ ಅಂಚಿನ ಮರಕ್ಕೆ ಉಜ್ಜುತ್ತದಾ? ಒಂದು ಬಟನ್ ಹಿಡಿಯಲು ಹೋದರೆ ಪಕ್ಕದ್ದು ಬೆರಳಿಗೆ ಅಡ್ಡ ಬರುತ್ತದಾ? ಇದೆಲ್ಲ ಕಾಗದದಲ್ಲೇ ಬಗೆಹರಿಯಲಿ.

ಎಡಕ್ಕೆ ಮೂರು, ಬಲಕ್ಕೆ ಮೂರು ಬೇರೆ ಬೇರೆ ಇರುತ್ತವೆ, ಅದಲು ಬದಲು ಮಾಡಬೇಡಿ. ಸರಿಯಾಗಿ ಹಾಕಿದಾಗ ಬಟನ್‌ನ ಶಾಫ್ಟ್ ಪೋಸ್ಟ್‌ಗಿಂತ ನಟ್‌ಗೆ ಹತ್ತಿರ ಇರುತ್ತದೆ. ತಂತಿ ಪೋಸ್ಟ್ ಅನ್ನು ನಟ್ ಕಡೆಗೆ ಎಳೆಯುತ್ತದೆ, ಚಕ್ರ ಸುರುಳಿಯ ಮೇಲೆ ಇನ್ನಷ್ಟು ಒತ್ತಿ ಕೂರುತ್ತದೆ. ತಿರುಗಾಮುರುಗಾ ಹಾಕಿದರೆ ಅದೇ ಎಳೆತ ಹಲ್ಲುಗಳನ್ನು ಒಂದರಿಂದೊಂದು ದೂರ ಮಾಡುತ್ತದೆ, ಬಟನ್ ತಿರುಗುವ ದಿಕ್ಕೂ ಉಲ್ಟಾ ಆಗುತ್ತದೆ. 1920ರ ದಶಕಕ್ಕಿಂತ ಹಿಂದಿನ ಕೆಲವು ಟ್ಯೂನರ್‌ಗಳಲ್ಲಿ ಸುರುಳಿ ಮೇಲ್ಗಡೆ ಇರುತ್ತಿತ್ತು. ಹಳೇ ಗಿಟಾರ್‌ಗೆ ಹೊಸದು ಹಾಕಹೋದವರು ತಬ್ಬಿಬ್ಬಾಗುವುದು ಅಲ್ಲೇ. ಹೊಸ ಗಿಟಾರ್‌ಗೆ ಆ ಗೊಂದಲ ಇಲ್ಲ.

ನಾಳೆ ನೀವು ಮೂರನೆಯದು ನೈಲಾನ್ ತಂತಿಯ ಕ್ಲಾಸಿಕಲ್ ಮಾಡಿದರೆ ಲೆಕ್ಕ ಬೇರೆ. ಅಲ್ಲಿ ಮೂರು ಟ್ಯೂನರ್ ಒಂದೇ ಪಟ್ಟಿಯ ಮೇಲೆ ಇರುತ್ತವೆ, ತಂತಿ ಸುತ್ತುವ ರೋಲರ್‌ನಿಂದ ರೋಲರ್‌ಗೆ 35 ಮಿ.ಮೀ., ತೂತು 10 ಮಿ.ಮೀ. ಒಂದು ತೂತು ಅರ್ಧ ಮಿ.ಮೀ. ಆಚೆ ಹೋದರೂ ಸ್ಕ್ರೂ ಬಿಗಿದಾಗ ರೋಲರ್ ಕಚ್ಚಿಕೊಳ್ಳುತ್ತದೆ. ಎಷ್ಟು ದುಬಾರಿ ಟ್ಯೂನರ್ ಹಾಕಿದರೂ ಅಷ್ಟೇ. ಆ ಪ್ಲಾಸ್ಟಿಕ್ ರೋಲರ್‌ಗೆ ಸ್ಟೀಲ್ ತಂತಿ ಸುತ್ತಬೇಡಿ. ನೈಲಾನ್ ಸೆಟ್‌ನ ಒಟ್ಟು ಎಳೆತ ನಲವತ್ತು ಕೆ.ಜಿ. ಆಸುಪಾಸು, ನಿಮ್ಮ ಸ್ಟೀಲ್ ಸೆಟ್‌ದು ಎಪ್ಪತ್ತು ದಾಟುತ್ತದೆ.

ಪ್ಲೇಟಿಂಗ್ ನಿಮ್ಮ ಇಷ್ಟ. ಕ್ರೋಮ್ ಗಟ್ಟಿ, ಹೊಳಪು ಬಹಳ ಕಾಲ ಇರುತ್ತದೆ. ನಿಕಲ್ ಕಾಲ ಕಳೆದ ಹಾಗೆ ಮಂಕಾಗುತ್ತದೆ, ಹಳೇ ಶೈಲಿಯ ಗಿಟಾರ್‌ಗೆ ಆ ಮಂಕೇ ಚಂದ. ಚಿನ್ನದ ಬಣ್ಣದ್ದು ಅಂಗಡಿಯಲ್ಲಿ ಕಣ್ಣು ಕುಕ್ಕುತ್ತದೆ, ಬೆವರು ಕೈಯವರು ನುಡಿಸಿದರೆ ಬಟನ್ ಮೇಲಿನಿಂದ ಬೇಗ ಮಾಯವಾಗುತ್ತದೆ. ನೋಟಕ್ಕಿಂತ ಮುಖ್ಯ ಇನ್ನೊಂದಿದೆ. ಒಂದು ಬಟನ್ ಒಡೆದರೆ, ಒಂದು ಸ್ಕ್ರೂ ಕಳೆದರೆ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಸ್ಕ್ರೂ ಕಿವಿಯ ಜಾಗ ಒಬ್ಬೊಬ್ಬ ತಯಾರಕರದು ಒಂದೊಂದು ತರ. ಹೆಸರಿಲ್ಲದ ಸೆಟ್ ಹಾಕಿ, ಐದು ವರ್ಷದ ಮೇಲೆ ಬೇರೆಯದು ಹಾಕಬೇಕಾಗಿ ಬಂದರೆ ಹೆಡ್‌ಸ್ಟಾಕ್ ಹಿಂದೆ ಹಳೇ ಸ್ಕ್ರೂ ತೂತು ಕಾಣುತ್ತಾ ಉಳಿಯುತ್ತದೆ. ಗೋಟೋ, ಶಾಲರ್, ಗ್ರೋವರ್, ವೇವರ್ಲಿ ಇಂಥವರ ಮಾಲನ್ನು ನಾನು ಬಳಸುವುದಕ್ಕೆ ಅರ್ಧ ಕಾರಣ ಇದೇ.

ಆ ಪುಟ್ಟ ಸ್ಕ್ರೂಗಳ ಬಗ್ಗೆ ಒಂದು ಎಚ್ಚರಿಕೆ. ಪೈಲಟ್ ತೂತು ಇಲ್ಲದೆ ತಿರುಪಿದರೆ ತಲೆ ಕಳಚಿ ಕೈಗೆ ಬರುತ್ತದೆ, ಮೈ ಮರದೊಳಗೆ ಉಳಿಯುತ್ತದೆ. ಅದನ್ನು ತೆಗೆಯುವಷ್ಟರಲ್ಲಿ ಅರ್ಧ ದಿನ ಹಾಳು. ಸ್ಕ್ರೂನ ಒಳದಿಂಡಿನಷ್ಟೇ ದಪ್ಪದ ಬಿಟ್‌ನಲ್ಲಿ ಕೊರೆಯಿರಿ, ಆಳ ಗೊತ್ತಾಗಲು ಬಿಟ್‌ಗೆ ಟೇಪ್ ಸುತ್ತಿ. ಸ್ಕ್ರೂ ಎಳೆಗೆ ಮೇಣ ಸವರಿ. ಸೋಪು ಸವರುವವರಿದ್ದಾರೆ, ಅದು ತೇವ ಹಿಡಿದು ತುಕ್ಕು ತರುತ್ತದೆ. ಹಿತ್ತಾಳೆ ಸ್ಕ್ರೂ ಆದರೆ ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಮ್ಮೆ ತಿರುಪಿ ದಾರಿ ಮಾಡಿ, ಆಮೇಲೆ ಹಿತ್ತಾಳೆಯದು ಹಾಕಿ. ತಿರುಪುವ ಬುಷ್ ಇದ್ದರೆ ಸ್ಪ್ಯಾನರ್‌ನಲ್ಲಿ ಹಿಡಿತ ಸಿಗುವಷ್ಟು ಮಾತ್ರ ಬಿಗಿ ಮಾಡಿ. ಮೈ ಬಲವೆಲ್ಲ ಹಾಕಿದರೆ ವಾಷರ್ ಕೆಳಗೆ ಲ್ಯಾಕರ್ ಒಡೆಯುತ್ತದೆ. ಮೊದಲ ಒಂದೆರಡು ತಿಂಗಳಲ್ಲಿ ಮರ ಒಣಗಿ ಬುಷ್ ತುಸು ಸಡಿಲವಾಗಬಹುದು, ಆಗ ಮತ್ತೊಮ್ಮೆ ಬಿಗಿ ಮಾಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಗುರವಾದ ಓಪನ್ ಗೇರ್ ಸೆಟ್, 16:1 ಅಥವಾ 18:1, ಎಬೊನಿ ಇಲ್ಲವೇ ಪ್ಲಾಸ್ಟಿಕ್ ಬಟನ್‌ದು ತರುತ್ತಿದ್ದೆ. ಎಣ್ಣೆ ಬಿಡುವ ತಂಟೆಯೇ ಬೇಡ ಅನ್ನುವುದಾದರೆ ಮಿನಿ ಗಾತ್ರದ ಸೀಲ್ಡ್. ದೊಡ್ಡ ಡಬ್ಬಿಯ ಸೀಲ್ಡ್ ಅನ್ನು ದೊಡ್ಡ ಬಾಡಿಯ ಗಿಟಾರ್‌ಗೆ ಬಿಡಿ. 21:1ಕ್ಕೆ ಜಾಸ್ತಿ ಕೊಡುವ ದುಡ್ಡು ಉಳಿದರೆ ಅದರಲ್ಲಿ ಎರಡು ನಟ್ ಫೈಲ್ ಕೊಳ್ಳಿ.

ತಂತಿ ಹಾಕುವಾಗ ಸುತ್ತು ಹಾಕಿದವುಗಳಿಗೆ ಎರಡು ಮೂರು ಸುತ್ತು, ಬರೀ ತಂತಿಗಳಿಗೆ ನಾಲ್ಕು ಸುತ್ತು, ಮೇಲಿನಿಂದ ಕೆಳಕ್ಕೆ ಒತ್ತಾಗಿ. ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ. ಏರಿಹೋದರೆ ಬೇಕಾದ್ದಕ್ಕಿಂತ ಕೆಳಕ್ಕೆ ಇಳಿಸಿ, ಮತ್ತೆ ಏರಿಸಿ. ಬರೀ ಇಳಿಸಿ ನಿಲ್ಲಿಸಿದರೆ ನಟ್‌ನಿಂದಾಚೆ ತಂತಿ ಸಡಿಲವಾಗಿಯೇ ಉಳಿದಿರುತ್ತದೆ. ನಾಲ್ಕು ಸಲ ಜೋರಾಗಿ ಮೀಟಿದೊಡನೆ ಆ ಸಡಿಲ ಈ ಕಡೆಗೆ ಜಾರಿ ಬಂದು ಶ್ರುತಿ ಇಳಿಯುತ್ತದೆ.

ಮೊದಲ ಗಿಟಾರ್‌ನ ಟ್ಯೂನರ್ ಈಗಲೇ ಕಿತ್ತು ಬಿಸಾಕಬೇಡಿ. ಇವತ್ತು ಸಂಜೆ ಪೆನ್ಸಿಲ್ ತಗೊಂಡು ಆ ಮೂರನೇ ಗಾಡಿಗೆ ಉಜ್ಜಿ ನೋಡಿ, ಏನಾಯಿತು ಅಂತ ಬರೆಯಿರಿ.